ಇಲಿಯ ಟ್ರೈಜೆಮಿನಲ್ ಗ್ಯಾಂಗ್ಲಿಯಾನಿನಲ್ಲಿ ಕಿಣ್ವಗಳ ನಕ್ಷೆ: ಅಂಗಾಂಶ ತೆಗೆಯುವುದರಿಂದ ಕೋಶ ಎಣಿಸುವವರೆಗೆ

ಇಲಿಯ ಮೀಸೆ, ಕಣ್ಣಿನ ಕಾರ್ನಿಯಾ, ಮೂಗಿನ ಒಳಪದರ, ಹಲ್ಲಿನ ತಿರುಳು, ನಾಲಿಗೆಯ ಮುಂಭಾಗ ಇವುಗಳಿಗೆ ಏನಾದರೂ ಮುಟ್ಟಿದರೆ, ಚುಚ್ಚಿದರೆ, ಬಿಸಿ ತಾಗಿದರೆ ಆ ಸುದ್ದಿ ಮಿದುಳಿಗೆ ಹೋಗುವುದು ಟ್ರೈಜೆಮಿನಲ್ ನರದ ಮೂಲಕ. ಆ ನರದ ಸಂವೇದಕ ಕೋಶಗಳು ಬಹುಪಾಲು ತಲೆಬುರುಡೆಯ ತಳದಲ್ಲಿ ಎಡಕ್ಕೊಂದು, ಬಲಕ್ಕೊಂದು ಇರುವ ಗ್ಯಾಂಗ್ಲಿಯಾನುಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಸಾಮಾನ್ಯ ಬಣ್ಣ ಹಾಕಿ ನೋಡಿದರೆ ಎಲ್ಲವೂ ದುಂಡು ಕೋಶಗಳೇ. ಕೆಲವು ದೊಡ್ಡವು, ತಿಳಿ. ಕೆಲವು ಚಿಕ್ಕವು, ಗಾಢ. ಅಷ್ಟು ಬಿಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲ. ಯಾವ ಕೋಶದಲ್ಲಿ ಯಾವ ಕಿಣ್ವ ಕೆಲಸ ಮಾಡುತ್ತಿದೆ ಎಂದು ನೋಡಿದಾಗ ಮಾತ್ರ ಒಳಗಿನ ಗುಂಪುಗಳು ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ.

ಪ್ರತಿಕಾಯ ಬಳಸುವ ವಿಧಾನ ಪ್ರೋಟೀನ್ ಇದೆಯೇ ಎಂದು ಹೇಳುತ್ತದೆ. ಕಿಣ್ವ-ಹಿಸ್ಟೊಕೆಮಿಸ್ಟ್ರಿ, ಅಂದರೆ ಅಂಗಾಂಶದಲ್ಲಿ ಕಿಣ್ವ ನಡೆಸುವ ಪ್ರತಿಕ್ರಿಯೆಯಿಂದಲೇ ಬಣ್ಣ ಬರಿಸುವ ವಿಧಾನ, ಅದು ಕೆಲಸ ಮಾಡುತ್ತದೆಯೇ ಎಂದು ಹೇಳುತ್ತದೆ. ಆದರೆ ಕಿಣ್ವದ ಬಣ್ಣ ನಂಬಲರ್ಹವಾಗುವುದು ಅಂಗಾಂಶವನ್ನು ಹೇಗೆ ಸ್ಥಿರಗೊಳಿಸಿದಿರಿ, ಜೊತೆಗೆ ಹೋಲಿಕೆಗೆ ಯಾವ ನಿಯಂತ್ರಣ ಸೆಕ್ಷನ್‌ಗಳನ್ನು (ಅಂಗಾಂಶದ ತೆಳು ಹೋಳುಗಳನ್ನು) ಓಡಿಸಿದಿರಿ ಎಂಬ ಎರಡರ ಮೇಲೆ. ಸೂಕ್ಷ್ಮದರ್ಶಕದ ಮುಂದೆ ಕೂತ ಮೇಲೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಬಣ್ಣದ ಪಾಕಗಳಿಗಿಂತ ಅವುಗಳ ಹಿಂದುಮುಂದಿನ ಕೆಲಸಕ್ಕೆ ಹೆಚ್ಚು ಜಾಗ ಸಿಕ್ಕಿದೆ.

ಮೊದಲು ಪ್ರಶ್ನೆ, ಆಮೇಲೆ ಕಿಣ್ವ

ಟ್ರೈಜೆಮಿನಲ್ ಗ್ಯಾಂಗ್ಲಿಯಾನಿಗೆ ನಾಲ್ಕು ಪ್ರತಿಕ್ರಿಯೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಥಯಮಿನ್ ಮಾನೊಫಾಸ್ಫಟೇಸ್ ನೋವಿಗೆ ಸಂಬಂಧಿಸಿದ ಚಿಕ್ಕ ಕೋಶಗಳಲ್ಲಿ ಒಂದು ಗುಂಪನ್ನು ಎತ್ತಿ ತೋರಿಸುತ್ತದೆ. ನ್ಯೂರೊಪೆಪ್ಟೈಡ್‌ಗಳಿಲ್ಲದ, ಐಬಿ4 ಲೆಕ್ಟಿನ್ (ಸಕ್ಕರೆ ಅಣುಗಳಿಗೆ ಅಂಟುವ ಒಂದು ಪ್ರೋಟೀನ್) ಅಂಟಿಕೊಳ್ಳುವ ಕೋಶಗಳೇ ಇದರಲ್ಲಿ ಬಹುಪಾಲು. ಹಳೆಯ ಬರಹಗಳಲ್ಲಿ 'ಫ್ಲೋರೈಡ್ ತಡೆದುಕೊಳ್ಳುವ ಆಸಿಡ್ ಫಾಸ್ಫಟೇಸ್' ಎಂದು ಬರುವುದು ಇದೇ ಕಿಣ್ವ. ಪ್ರಾಸ್ಟೇಟಿನ ಆಸಿಡ್ ಫಾಸ್ಫಟೇಸ್‌ನ ಪೊರೆಯಲ್ಲಿ ಕೂರುವ ರೂಪವೇ ಇದು ಎಂದು 2008ರಲ್ಲಿ ಗೊತ್ತಾಯಿತು.

ಎನ್‌ಎಡಿಪಿಎಚ್-ಡಯಾಫೊರೇಸ್ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕೋಶಗಳ ಗುರುತು. ನರಕೋಶಗಳಲ್ಲಿ ಈ ಚಟುವಟಿಕೆಯೂ ನೈಟ್ರಿಕ್ ಆಕ್ಸೈಡ್ ಸಿಂಥೇಸೂ ಒಂದೇ ಎಂದು 1991ರಲ್ಲಿ ಸ್ಪಷ್ಟವಾಯಿತು. ಅಸಿಟೈಲ್‌ಕೋಲಿನೆಸ್ಟರೇಸ್ (ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ) ಬಹಳ ಕೋಶಗಳಲ್ಲಿ ಹೆಚ್ಚುಕಡಿಮೆ ಪ್ರಮಾಣದಲ್ಲಿ ಸಿಗುತ್ತದೆ. ಅದು ಕಂಡಿತೆಂದು ಆ ಕೋಶ ಅಸಿಟೈಲ್‌ಕೋಲಿನ್ ಸ್ರವಿಸುತ್ತದೆ ಎಂದು ಬರೆಯಲಾಗದು. ಹಾಗೆ ಹೇಳಬೇಕಾದರೆ ಅದನ್ನು ತಯಾರಿಸುವ ಕೋಲಿನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ನೋಡಬೇಕು. ಕಾರ್ಬಾನಿಕ್ ಅನ್‌ಹೈಡ್ರೇಸ್ ದೊಡ್ಡ ಕೋಶಗಳ ಕಡೆಗೆ ವಾಲುತ್ತದೆ.

ಕಾರ್ಬಾನಿಕ್ ಅನ್‌ಹೈಡ್ರೇಸ್ ನೋಡುವವರಿಗೆ ಒಂದು ಎಚ್ಚರಿಕೆ. ದವಡೆಯ ಸ್ನಾಯುಗಳ ಎಳೆತವನ್ನು ತಿಳಿಸುವ ಸಂವೇದಕ ಕೋಶಗಳು ಗ್ಯಾಂಗ್ಲಿಯಾನಿನಲ್ಲಿ ಇರುವುದಿಲ್ಲ. ಅವು ಮಿದುಳಿನ ಒಳಗೇ, ಮಧ್ಯಮಿದುಳಿನಿಂದ ಅದರ ಕೆಳಗಿನ ಪಾನ್ಸಿನವರೆಗೆ ಚಾಚಿರುವ ಟ್ರೈಜೆಮಿನಲ್ ಮೆಸೆನ್ಸೆಫಾಲಿಕ್ ನ್ಯೂಕ್ಲಿಯಸ್ಸಿನಲ್ಲಿವೆ. ಗ್ಯಾಂಗ್ಲಿಯಾನನ್ನು ಮಾತ್ರ ಕತ್ತರಿಸಿ 'ತಲೆಯ ಸಂವೇದಕ ಕೋಶಗಳಲ್ಲಿ ಇಷ್ಟು' ಎಂದು ಬರೆದರೆ ಒಂದು ದೊಡ್ಡ ಗುಂಪೇ ಲೆಕ್ಕದಿಂದ ಹೊರಗುಳಿಯುತ್ತದೆ. ಆ ಭಾಗದ ಮಿದುಳನ್ನೂ ಜೊತೆಗೇ ತೆಗೆದಿಡಿ.

ಅಂಗಾಂಶ ತೆಗೆಯುವುದು

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ, ತರಬೇತಿ ಪಡೆದವರು ಪಕ್ಕದಲ್ಲಿ ಇಲ್ಲದೆ ಈ ಹಂತಕ್ಕೆ ಕೈ ಹಾಕುವಂತಿಲ್ಲ. ಬೇರೆ ಪ್ರಯೋಗಕ್ಕೆಂದು ಪರ್ಫ್ಯೂಷನ್ (ರಕ್ತನಾಳಗಳ ಮೂಲಕ ಸ್ಥಿರಕಾರಿ ದ್ರವ ಹರಿಸುವುದು) ಮಾಡಿದ ಪ್ರಾಣಿಯ ತಲೆ ಸಿಗುವಂತಿದ್ದರೆ ಅದನ್ನೇ ಕೇಳಿ ಪಡೆಯಿರಿ. ಸ್ಥಿರಕಾರಿ ಯಾವುದು, ಎಷ್ಟು ಹೊತ್ತು ಎಂಬುದು ಗೊತ್ತಿದ್ದರೆ ಸಾಕು.

ಸ್ಥಿರಕಾರಿ ಎಂದರೆ 0.1 ಮೋಲಾರ್ ಫಾಸ್ಫೇಟ್ ಬಫರಿನಲ್ಲಿ 4% ಪ್ಯಾರಾಫಾರ್ಮಾಲ್ಡಿಹೈಡ್, ಪಿಎಚ್ 7.4. ಪುಡಿಯನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕಲಕಿ, ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟು ತಿಳಿಯಾಗಿಸಿ, ಬಫರ್ ಸೇರಿಸಿ ಸೋಸಿ. ಎಲ್ಲವೂ ಹೊಗೆಗೂಡಿನ ಒಳಗೇ ನಡೆಯಲಿ. ಅಂದೇ ತಯಾರಿಸಿ, 4 ಡಿಗ್ರಿಗೆ ತಣಿಸಿ ಬಳಸಿ.

ಆಳವಾದ ಅರಿವಳಿಕೆಯಲ್ಲಿ ಎಡ ಹೃತ್ಕುಕ್ಷಿಗೆ ಸೂಜಿ ಹಾಕಿ, ಬಲ ಹೃತ್ಕರ್ಣ ಕತ್ತರಿಸಿ, ಮೊದಲು ಸಲೈನ್ ಹರಿಸಬೇಕು. ಹೊರಬರುವ ದ್ರವ ತಿಳಿಯಾದ ಮೇಲೆಯೇ ಸ್ಥಿರಕಾರಿ. ದೊಡ್ಡ ಇಲಿಗೆ (ರ್‍ಯಾಟ್) ಸುಮಾರು 300 ಮಿ.ಲೀ., ಸುಂಡಿಲಿಗೆ (ಮೌಸ್) 40 ಮಿ.ಲೀ. ಆಸುಪಾಸು ಸಾಕಾಗುತ್ತದೆ. ಬಾಲ ಬಿಗಿಯಾಗಿ ಯಕೃತ್ತು ಬಿಳುಚಿದರೆ ಸರಿಯಾಗಿ ಹರಿಯುತ್ತಿದೆ ಎಂದರ್ಥ. ಮೂಗಿನಿಂದ ದ್ರವ ಸುರಿಯತೊಡಗಿದರೆ ಸೂಜಿಯ ತುದಿ ನಡುಗೋಡೆ ದಾಟಿ ಬಲಕ್ಕೆ ಹೋಗಿ ಶ್ವಾಸಕೋಶ ತುಂಬುತ್ತಿದೆ ಎಂದು ತಿಳಿದು ಸೂಜಿಯನ್ನು ತುಸು ಹಿಂದಕ್ಕೆ ಎಳೆಯಿರಿ. ರಕ್ತ ಚೆನ್ನಾಗಿ ತೊಳೆದುಹೋಗುವುದು ಇಲ್ಲಿ ನೋಟದ ಅಂದಕ್ಕಾಗಿ ಅಲ್ಲ. ಕೆಂಪು ರಕ್ತಕಣಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ತುಂಬಿರುತ್ತದೆ, ಉಳಿದ ಪ್ರತಿ ಕಣವೂ ಕಪ್ಪು ಚುಕ್ಕೆಯಾಗಿ ಕೂರುತ್ತದೆ.

ಗ್ಯಾಂಗ್ಲಿಯಾನ್ ತೆಗೆಯುವ ಕ್ರಮ ಹೀಗೆ:

1. ತಲೆಬುರುಡೆಯ ಮೇಲ್ಛಾವಣಿ ತೆಗೆದು, ಮಿದುಳನ್ನು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಎತ್ತುತ್ತ ಹೋಗಿ. ಘ್ರಾಣ ಬಲ್ಬು, ದೃಷ್ಟಿ ನರ ಕತ್ತರಿಸಿದ ಮೇಲೆ ಪಾನ್ಸಿನ ಎರಡೂ ಬದಿಯಲ್ಲಿ ದಪ್ಪ ಬಿಳಿ ಬೇರು ಕಾಣುತ್ತದೆ. ಅದನ್ನು ಎಳೆಯಬೇಡಿ, ಪಾನ್ಸಿಗೆ ಹತ್ತಿರವಾಗಿ ಕತ್ತರಿಸಿ.
2. ಮಿದುಳು ಹೊರಬಂದ ಮೇಲೆ ಪಿಟ್ಯುಟರಿಯ ಇಕ್ಕೆಲಗಳಲ್ಲಿ, ಡ್ಯೂರಾ ಪೊರೆಯ ಕೆಳಗೆ, ಉದ್ದಕ್ಕೆ ಚಪ್ಪಟೆಯಾಗಿ ಮಲಗಿರುವ ಹಳದಿ ಮಿಶ್ರಿತ ಬಿಳಿ ಪಟ್ಟಿಯೇ ಗ್ಯಾಂಗ್ಲಿಯಾನ್. ಡ್ಯೂರಾವನ್ನು ಸೂಕ್ಷ್ಮ ಕತ್ತರಿಯಿಂದ ಬಿಡಿಸಿ.
3. ಹೊರಬದಿಯಲ್ಲಿ ಕೆಳಕ್ಕೆ ಇಳಿಯುವ ಮ್ಯಾಂಡಿಬ್ಯುಲರ್ ಶಾಖೆಯನ್ನು ಮೊದಲು ಕತ್ತರಿಸಿ. ಮುಂದಕ್ಕೆ ಹೋಗುವ ಆಫ್ತಾಲ್ಮಿಕ್ ಮತ್ತು ಮ್ಯಾಕ್ಸಿಲರಿ ಶಾಖೆಗಳನ್ನು ಆಮೇಲೆ, 2–3 ಮಿ.ಮೀ. ಉದ್ದ ಉಳಿಸಿ.
4. ಚಿಮಟದಿಂದ ಹಿಡಿಯುವುದು ನರದ ತುಂಡನ್ನು ಮಾತ್ರ. ಗ್ಯಾಂಗ್ಲಿಯಾನನ್ನೇ ಹಿಡಿದರೆ ಕೋಶಗಳು ನಜ್ಜಾಗಿ, ಆ ಜಾಗ ಎಲ್ಲ ಪ್ರತಿಕ್ರಿಯೆಯಲ್ಲೂ ಗಾಢವಾಗಿ ಬಣ್ಣ ಹಿಡಿಯುತ್ತದೆ.
5. ಮುಂದಿನ ತುದಿಗೆ ಗುರುತು ಹಾಕಿ. ಎಡಬಲ ಬೇರೆ ಬೇರೆ ಸೀಸೆಗಳಿಗೆ ಹೋಗಲಿ.

ಗುರುತು ಯಾಕೆಂದರೆ, ಕೋಶಗಳು ಮನಬಂದಂತೆ ಬೆರೆತಿರುವುದಿಲ್ಲ. ಕಣ್ಣು ಮತ್ತು ಮೇಲ್ದವಡೆಯ ಕಡೆಗೆ ಹೋಗುವವು ಮುಂದಿನ ಒಳಭಾಗದಲ್ಲಿ, ಕೆಳದವಡೆಯವು ಹಿಂದಿನ ಹೊರಭಾಗದಲ್ಲಿ ಇರುತ್ತವೆ. ದಿಕ್ಕು ತಪ್ಪಿದರೆ ನಕ್ಷೆಯೇ ಇಲ್ಲ.

ಇನ್ನು ಹೆಚ್ಚುವರಿ ಸ್ಥಿರೀಕರಣ. ಇದೇ ಸ್ಥಿರಕಾರಿಯಲ್ಲಿ, 4 ಡಿಗ್ರಿಯಲ್ಲಿ 1ರಿಂದ 2 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. 'ಸಂಜೆಯಾಯಿತು, ರಾತ್ರಿಯಿಡೀ ಇರಲಿ' ಎಂದು ಬಿಟ್ಟುಹೋದ ಅಂಗಾಂಶ ರಚನೆಯಲ್ಲಿ ಅಚ್ಚುಕಟ್ಟಾಗಿದ್ದು ಫಾಸ್ಫಟೇಸಿನಲ್ಲಿ ಸಪ್ಪೆಯಾಗಿ ಬರುತ್ತದೆ. ನಾಲ್ಕೂ ಒಂದೇ ತರಹ ಸೂಕ್ಷ್ಮವಲ್ಲ ಎನ್ನುವುದೂ ನೆನಪಿರಲಿ. ಅಸಿಟೈಲ್‌ಕೋಲಿನೆಸ್ಟರೇಸ್ ಗಟ್ಟಿ ಕುಳ. ಕಾರ್ಬಾನಿಕ್ ಅನ್‌ಹೈಡ್ರೇಸ್ ಗ್ಲುಟರಾಲ್ಡಿಹೈಡನ್ನೂ ತಾಳಿಕೊಳ್ಳುತ್ತದೆ, ಕೋಶದ್ರವದಲ್ಲಿ ಕರಗಿರುವ ಅದನ್ನು ಜಾಗದಲ್ಲೇ ಹಿಡಿದಿಡಲು ಗ್ಲುಟರಾಲ್ಡಿಹೈಡ್ ನೆರವಾಗುವುದೂ ಉಂಟು. ಡಯಾಫೊರೇಸಿನ ಕಥೆ ಬೇರೆಯೇ, ಅದಕ್ಕೆ ಸ್ಥಿರೀಕರಣ ಬೇಕೇ ಬೇಕು. ಕಾರಣ ಮುಂದೆ ಬರುತ್ತದೆ.

ಆಮೇಲೆ 30% ಸುಕ್ರೋಸ್ ಬೆರೆಸಿದ ಬಫರಿನಲ್ಲಿ, ಅಂಗಾಂಶ ತಳ ಮುಟ್ಟುವವರೆಗೆ. ಸಾಮಾನ್ಯವಾಗಿ ಒಂದು ರಾತ್ರಿ ಸಾಕು. ತೇಲುತ್ತಿರುವಾಗಲೇ ಹೆಪ್ಪುಗಟ್ಟಿಸಿದರೆ ಮಂಜಿನ ಹರಳು ಕೋಶಗಳನ್ನು ತೂತುತೂತು ಮಾಡುತ್ತದೆ.

ಹೆಪ್ಪುಗಟ್ಟಿಸಿ ಕತ್ತರಿಸುವುದು

ಗ್ಯಾಂಗ್ಲಿಯಾನನ್ನು ಚಪ್ಪಟೆಯಾಗಿ, ಕೆಳಮೈ ಕೆಳಗಾಗಿ ಅಚ್ಚಿನಲ್ಲಿಟ್ಟು ಹೆಪ್ಪುಮಾಧ್ಯಮ ತುಂಬಿ. ಹೀಗಿಟ್ಟರೆ ಮೂರೂ ಶಾಖೆಗಳ ಪ್ರದೇಶ ಒಂದೇ ಸೆಕ್ಷನ್ನಿನಲ್ಲಿ ಸಿಗುತ್ತದೆ. ಒಣಮಂಜಿನಲ್ಲಿ ತಣಿಸಿದ ಐಸೊಪೆಂಟೇನಿನಲ್ಲಿ ಮುಳುಗಿಸಿ ಬೇಗ ಹೆಪ್ಪುಗಟ್ಟಿಸಿ. ಫ್ರೀಜರಿನಲ್ಲಿಟ್ಟು ನಿಧಾನವಾಗಿ ಗಟ್ಟಿಯಾಗಲು ಬಿಡುವುದು ಬೇಡ.

ಕ್ರಯೋಸ್ಟಾಟ್ (ಹೆಪ್ಪುಗಟ್ಟಿದ ಅಂಗಾಂಶ ಕತ್ತರಿಸುವ ಯಂತ್ರ) ಸುಮಾರು ಮೈನಸ್ 20 ಡಿಗ್ರಿಯಲ್ಲಿ, 14 ಮೈಕ್ರೋಮೀಟರ್ ದಪ್ಪ. ಸೆಕ್ಷನ್‌ಗಳನ್ನು ಆರು ಸ್ಲೈಡ್ ಸರಣಿಗಳಿಗೆ ಸರದಿಯಂತೆ ಹಂಚಿ: ಮೊದಲನೆಯದು ಸ್ಲೈಡ್ ಒಂದಕ್ಕೆ, ಎರಡನೆಯದು ಸ್ಲೈಡ್ ಎರಡಕ್ಕೆ, ಏಳನೆಯದು ಮತ್ತೆ ಒಂದಕ್ಕೆ. ಒಂದೇ ಸ್ಲೈಡಿನ ಅಕ್ಕಪಕ್ಕದ ಸೆಕ್ಷನ್‌ಗಳ ನಡುವೆ 70 ಮೈಕ್ರೋಮೀಟರ್ ಅಂತರ ಬೀಳುವುದರಿಂದ ಒಂದೇ ಕೋಶವನ್ನು ಎರಡು ಸಲ ಎಣಿಸುವ ಭಯ ಇಲ್ಲ. ಆರು ಸರಣಿಯಲ್ಲಿ ಮೂರು ಕಿಣ್ವಗಳಿಗೆ, ಒಂದು ನರಕೋಶಗಳ ಆಕಾರ ತೋರಿಸುವ ಸಾದಾ ನಿಸ್ಲ್ ಬಣ್ಣಕ್ಕೆ, ಎರಡು ನಿಯಂತ್ರಣಕ್ಕೆ. ಕಾರ್ಬಾನಿಕ್ ಅನ್‌ಹೈಡ್ರೇಸಿಗೆ ಇನ್ನೊಂದು ಬದಿಯ ಗ್ಯಾಂಗ್ಲಿಯಾನಿನಿಂದ 25–30 ಮೈಕ್ರೋಮೀಟರಿನ ಬಿಡಿ ಸೆಕ್ಷನ್‌ಗಳನ್ನು ಬಫರಿನಲ್ಲಿ ತೇಲಿಬಿಡಿ.

ಪ್ರತಿ ಸ್ಲೈಡಿನ ಮೂಲೆಯಲ್ಲಿ ಒಂದು 'ಸಾಕ್ಷಿ' ಅಂಗಾಂಶ ಇರಲಿ. ಮಿದುಳುಕಾಂಡದ ಕೆಳ ಮೆಡುಲ್ಲಾದ ಅಡ್ಡ ಸೆಕ್ಷನ್ ಫಾಸ್ಫಟೇಸಿಗೆ. ಮಿದುಳಿನ ಒಳಭಾಗದ ಸ್ಟ್ರಯೇಟಮ್ ಡಯಾಫೊರೇಸಿಗೂ ಕೋಲಿನೆಸ್ಟರೇಸಿಗೂ. ಮೂಗಿನ ಹಿಂದಿರುವ ಟೆರಿಗೊಪ್ಯಾಲಟೈನ್ ಗ್ಯಾಂಗ್ಲಿಯಾನ್ ಸಿಕ್ಕರೆ ಡಯಾಫೊರೇಸಿಗೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಅದರ ಬಹುತೇಕ ಕೋಶಗಳು ಕಡುನೀಲಿಯಾಗುತ್ತವೆ. ಮೂತ್ರಪಿಂಡದ ಚೂರು ಕಾರ್ಬಾನಿಕ್ ಅನ್‌ಹೈಡ್ರೇಸಿಗೆ. ಸಾಕ್ಷಿ ಬಣ್ಣ ಹಿಡಿಯದಿದ್ದರೆ ತಪ್ಪು ದ್ರಾವಣದಲ್ಲಿದೆ. ಸಾಕ್ಷಿ ಹಿಡಿದು ಗ್ಯಾಂಗ್ಲಿಯಾನ್ ಹಿಡಿಯದಿದ್ದರೆ ಆ ಮಾತಿಗೆ ಬೆಲೆ ಇದೆ.

ಸ್ಲೈಡುಗಳನ್ನು ಅರ್ಧ ಗಂಟೆ ಒಣಗಿಸಿ, ತೇವ ಹೀರುವ ಪೊಟ್ಟಣದೊಂದಿಗೆ ಮುಚ್ಚಿ ಮೈನಸ್ 80ರಲ್ಲಿಡಿ. ಹೊರತೆಗೆದ ಡಬ್ಬಿ ಕೋಣೆಯ ಉಷ್ಣತೆಗೆ ಬರುವ ಮೊದಲೇ ತೆರೆದರೆ ಸೆಕ್ಷನ್ ಮೇಲೆ ನೀರು ಕೂತು, ಕರಗುವ ಕಿಣ್ವ ಹರಡಿಹೋಗುತ್ತದೆ.

ಥಯಮಿನ್ ಮಾನೊಫಾಸ್ಫಟೇಸ್

ತತ್ವ ಸರಳ. ಕಿಣ್ವ ಥಯಮಿನ್ ಮಾನೊಫಾಸ್ಫೇಟಿನಿಂದ ಫಾಸ್ಫೇಟನ್ನು ಕತ್ತರಿಸುತ್ತದೆ, ಸುತ್ತಲಿನ ಸೀಸ ಅದನ್ನು ಅಲ್ಲೇ ಹಿಡಿದು ಕೂರಿಸುತ್ತದೆ, ಕೊನೆಗೆ ಸಲ್ಫೈಡ್ ಆ ಬಿಳಿ ಉಪ್ಪನ್ನು ಕಂದು-ಕಪ್ಪು ಸೀಸದ ಸಲ್ಫೈಡ್ ಆಗಿಸುತ್ತದೆ. ಇದರರ್ಥ, ಬೇರೆಲ್ಲಿಂದಲಾದರೂ ಫಾಸ್ಫೇಟ್ ಬಂದರೂ ಸೀಸ ಅದನ್ನು ಹಿಡಿಯುತ್ತದೆ. ಹಾಗಾಗಿ ಫಾಸ್ಫೇಟ್ ಬಫರಿನಲ್ಲಿದ್ದ ಸ್ಲೈಡುಗಳನ್ನು 40 ಮಿಲಿಮೋಲಾರ್ ಟ್ರಿಸ್-ಮ್ಯಾಲಿಯೇಟ್ ಬಫರಿನಲ್ಲಿ (ಪಿಎಚ್ 5.6) ಎರಡು ಮೂರು ಸಲ, ಆಮೇಲೆ 8% ಸುಕ್ರೋಸ್ ಬೆರೆಸಿದ ಅದೇ ಬಫರಿನಲ್ಲಿ ಒಮ್ಮೆ ತೊಳೆಯಬೇಕು.

50 ಮಿ.ಲೀ. ದ್ರಾವಣಕ್ಕೆ: ಟ್ರಿಸ್-ಮ್ಯಾಲಿಯೇಟ್ ಬಫರ್, ಸುಕ್ರೋಸ್ 4 ಗ್ರಾಂ, ಥಯಮಿನ್ ಮಾನೊಫಾಸ್ಫೇಟ್ 0.3 ಮಿಲಿಮೋಲ್, ಸೀಸದ ನೈಟ್ರೇಟ್ 40 ಮಿ.ಗ್ರಾಂ. ಥಯಮಿನ್ ಮಾನೊಫಾಸ್ಫೇಟ್ ಕ್ಲೋರೈಡ್ ಉಪ್ಪಾಗಿ, ಹರಳಿನ ನೀರಿನೊಂದಿಗೆ ಬರುತ್ತದೆ. ತೂಕವನ್ನು ಬಾಟಲಿಯ ಮೇಲಿನ ಅಣುತೂಕದಿಂದ ಲೆಕ್ಕ ಹಾಕಿ. ಸೀಸದ ನೈಟ್ರೇಟನ್ನು ಬೇರೆ ಸ್ವಲ್ಪ ನೀರಿನಲ್ಲಿ ಕರಗಿಸಿ, ಕಲಕುತ್ತ ಕೊನೆಯಲ್ಲಿ ಹನಿಹನಿಯಾಗಿ ಸೇರಿಸಿ. ತುಸು ಮಸುಕಾದರೆ ಸೋಸಿ ಬಳಸಬಹುದು. ಹಾಲಿನಂತಾದರೆ ಎಸೆಯಿರಿ: ಪಾತ್ರೆಯಲ್ಲಿ ಫಾಸ್ಫೇಟ್ ಉಳಿದಿದೆ, ಇಲ್ಲವೇ ನಿಮ್ಮ ಥಯಮಿನ್ ಮಾನೊಫಾಸ್ಫೇಟ್ ಹಳತಾಗಿ ಒಡೆದಿದೆ.

37 ಡಿಗ್ರಿಯಲ್ಲಿ 2 ಗಂಟೆ. ನಂತರ 2% ಅಸಿಟಿಕ್ ಆಮ್ಲದಲ್ಲಿ 1 ನಿಮಿಷ, ಅಂಟಿಕೊಂಡ ಬಿಡಿ ಸೀಸ ಬಿಡುತ್ತದೆ. ಟ್ರಿಸ್-ಮ್ಯಾಲಿಯೇಟಿನಲ್ಲಿ ಮೂರು ಸಲ ತೊಳೆದು, 1% ಸೋಡಿಯಂ ಸಲ್ಫೈಡಿನಲ್ಲಿ ಕೇವಲ 10 ಸೆಕೆಂಡ್. ಆ ಮೂರು ತೊಳೆತಗಳನ್ನು ಅವಸರದಲ್ಲಿ ಮುಗಿಸಬೇಡಿ. ಆಮ್ಲ ಉಳಿದಿದ್ದರೆ ಸಲ್ಫೈಡಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಅದು ವಿಷ, ಮತ್ತು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಈ ಹಂತ ಹೊಗೆಗೂಡಿನಲ್ಲಿ ಮಾತ್ರ. ಸೀಸ, ಆಮ್ಲ, ಸಲ್ಫೈಡ್ ಮೂರರ ತ್ಯಾಜ್ಯವೂ ಬೇರೆ ಬೇರೆ ಬಾಟಲಿಗೆ.

ಸರಿಯಾಗಿ ಬಂದ ಕೋಶ ಹೇಗಿರುತ್ತದೆ? ಚಿಕ್ಕ ಕೋಶ, ಸುತ್ತಲೂ ನುಣ್ಣನೆ ಕಂದು ಕಣಗಳು, ನಡುವೆ ತಿಳಿಯಾಗಿ ಉಳಿದ ನ್ಯೂಕ್ಲಿಯಸ್, ಪಕ್ಕದಲ್ಲೇ ಬಣ್ಣ ಹಿಡಿಯದೆ ಖಾಲಿ ಬಿದ್ದಂತಿರುವ ದೊಡ್ಡ ಕೋಶ. ಸಾಕ್ಷಿಯಾದ ಮೆಡುಲ್ಲಾದಲ್ಲಿ ಎರಡನೇ ಪದರ ಕಪ್ಪು ಪಟ್ಟಿಯಾಗಿ ಬಾಗಿ ಹರಿದಿರುತ್ತದೆ. ಆ ಪಟ್ಟಿ ಗ್ಯಾಂಗ್ಲಿಯಾನಿನ ಇದೇ ಚಿಕ್ಕ ಕೋಶಗಳು ಮಿದುಳಿನೊಳಗೆ ಕಳುಹಿಸಿದ ತುದಿಗಳಿಂದಾದದ್ದು. ನ್ಯೂಕ್ಲಿಯಸ್ಸೇ ಕಪ್ಪಾಗಿ ಹೊರಭಾಗ ತಿಳಿಯಾಗಿದ್ದರೆ ಅದು ಕಿಣ್ವವಲ್ಲ, ಸರಿದುಹೋದ ಫಾಸ್ಫೇಟನ್ನು ನ್ಯೂಕ್ಲಿಯಸ್ ಹೀರಿಕೊಂಡದ್ದು. ಪಿಎಚ್ ಮತ್ತು ಸೀಸದ ಪ್ರಮಾಣ ಮತ್ತೆ ಪರೀಕ್ಷಿಸಿ.

ನಿಯಂತ್ರಣಗಳು ಎರಡು. ಥಯಮಿನ್ ಮಾನೊಫಾಸ್ಫೇಟ್ ಇಲ್ಲದ ದ್ರಾವಣದಲ್ಲಿ ಒಂದು ಸ್ಲೈಡ್. ಕುದಿಯುವ ಹಂತಕ್ಕೆ ಬಂದ ಬಫರಿನಲ್ಲಿ ಕೆಲ ನಿಮಿಷ ಇಟ್ಟು ಕಿಣ್ವ ಕೊಂದ ಇನ್ನೊಂದು ಸ್ಲೈಡ್. ಎರಡೂ ಬೋಳಾಗಿ ಬರಬೇಕು. ವಯಸ್ಸಾದ ಪ್ರಾಣಿಯಲ್ಲಿ ಬೋಳು ಸ್ಲೈಡಿನಲ್ಲೂ ಕಂದು ಹರಳು ಕಂಡರೆ ಅದು ಲಿಪೊಫ್ಯೂಸಿನ್, ವಯಸ್ಸಿನೊಂದಿಗೆ ಕೋಶದಲ್ಲಿ ಕೂಡುವ ಕಂದು ವರ್ಣಕ. ಏನೂ ಹಾಕದ ಸೆಕ್ಷನ್ ಒಂದನ್ನು ಮೊದಲೇ ನೋಡಿಟ್ಟುಕೊಂಡರೆ ಈ ಗೊಂದಲ ಬರುವುದಿಲ್ಲ.

ಎನ್‌ಎಡಿಪಿಎಚ್-ಡಯಾಫೊರೇಸ್

ಇದು ನಾಲ್ಕರಲ್ಲಿ ಮಾಡಲು ಸುಲಭ, ಅರ್ಥ ಮಾಡಲು ಕಷ್ಟ. ಎನ್‌ಎಡಿಪಿಎಚ್ ಬಳಸಿ ಟೆಟ್ರಜೋಲಿಯಮ್ಮನ್ನು ನೀಲಿ ಫಾರ್ಮಜಾನ್ ಆಗಿಸುವ ಕಿಣ್ವಗಳು ಪ್ರತಿಯೊಂದು ಕೋಶದಲ್ಲೂ ಇವೆ. ಸ್ಥಿರಗೊಳಿಸದ ಸೆಕ್ಷನ್ನಿಗೆ ದ್ರಾವಣ ಹಾಕಿದರೆ ಇಡೀ ಗ್ಯಾಂಗ್ಲಿಯಾನ್ ನೀಲಿಯಾಗುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್ ಉಳಿದವನ್ನೆಲ್ಲ ಬಹುಮಟ್ಟಿಗೆ ಕೊಲ್ಲುತ್ತದೆ, ನೈಟ್ರಿಕ್ ಆಕ್ಸೈಡ್ ಸಿಂಥೇಸಿನದು ಉಳಿಯುತ್ತದೆ. ಅಂದರೆ ಇಲ್ಲಿ ಆಯ್ಕೆ ಮಾಡುತ್ತಿರುವುದು ಬಣ್ಣದ ದ್ರಾವಣವಲ್ಲ, ನಿಮ್ಮ ಪರ್ಫ್ಯೂಷನ್. ಸ್ಥಿರಕಾರಿ ಸರಿಯಾಗಿ ತಲುಪದ ಒಂದು ಪ್ರಾಣಿಯಲ್ಲಿ 'ಡಯಾಫೊರೇಸ್ ಹೆಚ್ಚಾಗಿದೆ' ಎಂದು ಕಂಡರೆ ಸಂಶಯಿಸಬೇಕಾದ್ದು ಆ ಪರ್ಫ್ಯೂಷನ್ನನ್ನು.

10 ಮಿ.ಲೀ.ಗೆ: 0.1 ಮೋಲಾರ್ ಫಾಸ್ಫೇಟ್ ಬಫರ್ (ಪಿಎಚ್ 7.4), ಬೀಟಾ-ಎನ್‌ಎಡಿಪಿಎಚ್ 10 ಮಿ.ಗ್ರಾಂ, ನೈಟ್ರೋಬ್ಲೂ ಟೆಟ್ರಜೋಲಿಯಮ್ 2.5 ಮಿ.ಗ್ರಾಂ, 10% ಟ್ರೈಟಾನ್ ಎಕ್ಸ್-100 ದ್ರಾವಣ 0.3 ಮಿ.ಲೀ. ಟೆಟ್ರಜೋಲಿಯಮ್ಮನ್ನು ಮೊದಲು ಕೆಲವೇ ಹನಿ ಡೈಮಿಥೈಲ್ ಸಲ್ಫಾಕ್ಸೈಡಿನಲ್ಲಿ ಕರಗಿಸಿ. ನೇರವಾಗಿ ಬಫರಿಗೆ ಹಾಕಿದರೆ ಕರಗದ ಚೂರುಗಳು ಆಮೇಲೆ ನೀಲಿ ಸೂಜಿಗಳಾಗಿ ಸೆಕ್ಷನ್ ಮೇಲೆ ಕೂರುತ್ತವೆ. ಎನ್‌ಎಡಿಪಿಎಚ್ ಸೇರಿಸುವುದು ಬಳಸುವ ಕ್ಷಣದಲ್ಲಿ. ದುಬಾರಿ ವಸ್ತು, ಜಾಡಿ ತುಂಬಿಸುವ ಅಗತ್ಯವಿಲ್ಲ. ಮೇಣದ ಪೆನ್ನಿನಿಂದ ಸೆಕ್ಷನ್ ಸುತ್ತ ಗೆರೆ ಎಳೆದು, ಸ್ಲೈಡಿಗೆ 300 ಮೈಕ್ರೋಲೀಟರ್ ಹಾಕಿ, ಒದ್ದೆ ಡಬ್ಬಿಯಲ್ಲಿ, ಕತ್ತಲಲ್ಲಿ, 37 ಡಿಗ್ರಿಯಲ್ಲಿಡಿ.

30ನೇ ನಿಮಿಷದಿಂದ ಪ್ರತಿ 15 ನಿಮಿಷಕ್ಕೊಮ್ಮೆ ಸಾಕ್ಷಿ ಸ್ಟ್ರಯೇಟಮ್ಮನ್ನು ನೋಡಿ. ಅಲ್ಲಲ್ಲಿ ಚದುರಿದ ಕೋಶಗಳು ಕವಲುಗಳ ಸಮೇತ ಕಡುನೀಲಿಯಾಗಿ ಎದ್ದು ಕಂಡಾಗ ನಿಲ್ಲಿಸಿ, ಬಫರಿನಲ್ಲಿ ತೊಳೆಯಿರಿ. ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯೊಳಗೆ ಮುಗಿಯುತ್ತದೆ. ಅದೇ ಬ್ಯಾಚಿನ ಎಲ್ಲ ಸ್ಲೈಡಿಗೂ ಅದೇ ಸಮಯ.

ಆರೋಗ್ಯವಂತ ಇಲಿಯ ಟ್ರೈಜೆಮಿನಲ್ ಗ್ಯಾಂಗ್ಲಿಯಾನಿನಲ್ಲಿ ಕಡುನೀಲಿ ಕೋಶಗಳು ಕಡಿಮೆ, ಮಸುಕು ನೀಲಿಯವು ಬಹಳ. ಈ ಮಸುಕು ನೀಲಿಯನ್ನು ಎಣಿಕೆಗೆ ಸೇರಿಸುತ್ತೀರೋ ಬಿಡುತ್ತೀರೋ ಎಂಬುದರ ಮೇಲೆ ಫಲಿತಾಂಶ ಪೂರ್ತಿ ಬದಲಾಗುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳ ಸಂಖ್ಯೆಗಳು ತಾಳೆಯಾಗದಿರಲು ಇದೊಂದು ದೊಡ್ಡ ಕಾರಣ. ಎನ್‌ಎಡಿಪಿಎಚ್ ಹಾಕದ ನಿಯಂತ್ರಣ ಸ್ಲೈಡಿನಲ್ಲಿ ಎಷ್ಟು ಗಾಢತೆ ಇದೆಯೋ ಅದೇ ಕೆಳಗಡಿ. ರಕ್ತನಾಳದ ಒಳಗೋಡೆ ನೀಲಿಯಾದರೆ ಗಾಬರಿ ಬೇಡ, ಅಲ್ಲೂ ಅದೇ ಕುಟುಂಬದ ಕಿಣ್ವ ಇದೆ. ನರಕ್ಕೆ ಗಾಯವಾದ ಮೇಲೆ ಸಂವೇದಕ ಕೋಶಗಳಲ್ಲಿ ಈ ಕಿಣ್ವ ಏರುತ್ತದೆ. ಹಾಗಾಗಿ ಮೀಸೆ ಕಿತ್ತ, ಜಗಳದಲ್ಲಿ ಮೂತಿ ಗೀರಿಸಿಕೊಂಡ ಪ್ರಾಣಿಯನ್ನು 'ಸಾಮಾನ್ಯ' ಗುಂಪಿಗೆ ಸೇರಿಸಬೇಡಿ.

ಹಿನ್ನೆಲೆ ಗುಲಾಬಿಗೆ ತಿರುಗಿದರೆ ಟೆಟ್ರಜೋಲಿಯಮ್ ಅರ್ಧ ಮಾತ್ರ ಅಪಕರ್ಷಣೆಗೊಂಡಿದೆ ಎಂದರ್ಥ. ಈ ಕೆಂಪು ರೂಪ ಆಲ್ಕೊಹಾಲಿನಲ್ಲಿ ಕರಗಿ ಹರಡುತ್ತದೆ. ಗ್ಲಿಸರಿನ್-ಜೆಲಾಟಿನ್ ಹಾಕಿ ಮುಚ್ಚಿದರೆ ಆ ತಾಪತ್ರಯವಿಲ್ಲ, ಕೋಶಗಳೂ ಕುಗ್ಗುವುದಿಲ್ಲ.

ಅಸಿಟೈಲ್‌ಕೋಲಿನೆಸ್ಟರೇಸ್

1964ರ ಕಾರ್ನೋವ್‌ಸ್ಕಿ-ರೂಟ್ಸ್ ವಿಧಾನ ಇವತ್ತಿಗೂ ಸಾಕು. 10 ಮಿ.ಲೀ.ಗೆ ಈ ಕ್ರಮದಲ್ಲೇ ಬೆರೆಸಿ: ಅಸಿಟೈಲ್‌ಥಯೊಕೋಲಿನ್ ಅಯೊಡೈಡ್ 5 ಮಿ.ಗ್ರಾಂ, 0.1 ಮೋಲಾರ್ ಮ್ಯಾಲಿಯೇಟ್ ಬಫರ್ (ಪಿಎಚ್ 6.0) 6.5 ಮಿ.ಲೀ., 0.1 ಮೋಲಾರ್ ಸೋಡಿಯಂ ಸಿಟ್ರೇಟ್ 0.5 ಮಿ.ಲೀ., 30 ಮಿಲಿಮೋಲಾರ್ ತಾಮ್ರದ ಸಲ್ಫೇಟ್ 1 ಮಿ.ಲೀ., ನೀರು 1 ಮಿ.ಲೀ., 5 ಮಿಲಿಮೋಲಾರ್ ಪೊಟ್ಯಾಸಿಯಂ ಫೆರಿಸಯನೈಡ್ 1 ಮಿ.ಲೀ. ತಿಳಿ ಹಸಿರು, ಪಾರದರ್ಶಕ ದ್ರಾವಣ ಬರಬೇಕು. ಸಿಟ್ರೇಟ್ ತಾಮ್ರವನ್ನು ಹಿಡಿದಿಡುವ ವಸ್ತು; ಅದನ್ನು ಮರೆತು ಫೆರಿಸಯನೈಡ್ ಹಾಕಿದರೆ ಕೂಡಲೇ ಕೆಸರಾಗುತ್ತದೆ.

ಇಲಿಯಲ್ಲಿ ಕ್ಯಾಪಿಲರಿ ಗೋಡೆಗಳಲ್ಲೂ ಗ್ಲಿಯಾದಲ್ಲೂ (ನರಕೋಶಗಳ ಪೋಷಕ ಕೋಶಗಳು) ಬ್ಯುಟಿರಿಲ್‌ಕೋಲಿನೆಸ್ಟರೇಸ್ ಇರುವುದರಿಂದ, ಅದನ್ನು ತಡೆಯದಿದ್ದರೆ ಕೋಶದ ಸುತ್ತಲಿನ ಸ್ಯಾಟಲೈಟ್ ಕೋಶಗಳ ಬಣ್ಣವನ್ನು ನರಕೋಶದ್ದೆಂದು ಓದುವ ಸಾಧ್ಯತೆ ಇದೆ. ಅದನ್ನು ತಡೆಯುವ ಐಸೊ-ಓಎಂಪಿಎ 0.1 ಮಿಲಿಮೋಲಾರ್ ಇರುವ ಬಫರಿನಲ್ಲಿ ಅರ್ಧ ಗಂಟೆ ನೆನೆಸಿ, ದ್ರಾವಣದಲ್ಲಿ ನೀರಿನ ಬದಲು ಅದನ್ನೇ ಅದೇ ಸಾಂದ್ರತೆ ಉಳಿಯುವಂತೆ ಬೆರೆಸಿ. ನಿಯಂತ್ರಣಕ್ಕೆ ಅಸಿಟೈಲ್‌ಕೋಲಿನೆಸ್ಟರೇಸನ್ನೇ ತಡೆಯುವ ಬಿಡಬ್ಲ್ಯೂ284ಸಿ51 ಅಥವಾ ಎಸೆರಿನ್. ಇದರಲ್ಲಿ ಕಂದು ಬಣ್ಣ ಪೂರ್ತಿ ಹೋಗಬೇಕು. ಈ ತಡೆಕಾರಿಗಳೆಲ್ಲ ನಮ್ಮ ಮೈಯ ಕೋಲಿನೆಸ್ಟರೇಸನ್ನೂ ತಡೆಯುವಂಥವು, ಕೈಗವಸು ತೆಗೆಯಬೇಡಿ. 37 ಡಿಗ್ರಿಯಲ್ಲಿ 30 ನಿಮಿಷಕ್ಕೆ ಒಮ್ಮೆ, 60ಕ್ಕೆ ಒಮ್ಮೆ ನೋಡಿ. ಕೆಂಗಂದು ಬಣ್ಣ ಬಂದಾಗ ತೊಳೆಯಿರಿ.

ಕಾರ್ಬಾನಿಕ್ ಅನ್‌ಹೈಡ್ರೇಸ್

ಹ್ಯಾನ್ಸನ್ ವಿಧಾನ. ಒಂದನೇ ದ್ರಾವಣ: 0.1 ಮೋಲಾರ್ ಕೋಬಾಲ್ಟ್ ಸಲ್ಫೇಟ್ 1 ಮಿ.ಲೀ., 0.5 ಮೋಲಾರ್ ಗಂಧಕಾಮ್ಲ 6 ಮಿ.ಲೀ., ಹದಿನೈದನೇ ಒಂದು ಮೋಲಾರ್ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 10 ಮಿ.ಲೀ. ಎರಡನೆಯದು: 40 ಮಿ.ಲೀ. ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ 0.75 ಗ್ರಾಂ. ಬೆರೆಸಿದೊಡನೆ ನೊರೆ ಉಕ್ಕುತ್ತದೆ, ಅಗಲ ಬಾಯಿಯ ಪಾತ್ರೆ ಇರಲಿ. ಬೆರೆಸಿದ ತಕ್ಷಣ ಬಳಸಬೇಕು.

ಇಲ್ಲಿ ಬಣ್ಣ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಸೆಕ್ಷನ್ನಿನಿಂದ ಗಾಳಿಗೆ ಹಾರಿ, ಆ ಬಿಂದುವಿನಲ್ಲಿ ಪಿಎಚ್ ಏರಿ, ಕೋಬಾಲ್ಟ್ ಉಪ್ಪು ಕೂರುವುದರಿಂದ. ಆದ್ದರಿಂದ ಸೆಕ್ಷನ್ ದ್ರಾವಣದ ಮೇಲ್ಮೈಯಲ್ಲಿ ತೇಲಬೇಕು. ಮುಳುಗಿತೋ, ಪ್ರತಿಕ್ರಿಯೆ ಸೊರಗಿತು. ಕುಂಚದಿಂದ ಆಗಾಗ ಎತ್ತಿ ಗಾಳಿಗೆ ತೋರಿಸಿ ಮತ್ತೆ ಬಿಡುವುದು ಕೆಲಸಕ್ಕೆ ಬರುವ ಉಪಾಯ. 3ರಿಂದ 10 ನಿಮಿಷ ಸಾಕು, ಆಮೇಲೆ ತೊಳೆದು 0.5% ಅಮೋನಿಯಂ ಸಲ್ಫೈಡಿನಲ್ಲಿ ಅದ್ದಿದರೆ ಕಪ್ಪಾಗುತ್ತದೆ. 10 ನಿಮಿಷ ದಾಟಿದರೆ ನ್ಯೂಕ್ಲಿಯಸ್‌ಗಳು ಕಪ್ಪಾಗತೊಡಗುತ್ತವೆ, ಅದು ಸುಳ್ಳು ಬಣ್ಣ. ನಿಯಂತ್ರಣಕ್ಕೆ ಈ ಕಿಣ್ವವನ್ನು ತಡೆಯುವ 10 ಮೈಕ್ರೋಮೋಲಾರ್ ಅಸೆಟಜೋಲಮೈಡ್. ಅದು ಇದ್ದೂ ಉಳಿದ ಕಪ್ಪು ಏನಿದೆಯೋ ಅದನ್ನು ಲೆಕ್ಕದಿಂದ ಕಳೆಯಿರಿ.

ಎಣಿಕೆ

ನ್ಯೂಕ್ಲಿಯಸ್ ಸ್ಪಷ್ಟವಾಗಿ ಕಾಣುವ ಕೋಶಗಳನ್ನು ಮಾತ್ರ ಎಣಿಸಿ, ಅವುಗಳ ವಿಸ್ತೀರ್ಣ ಅಳೆಯಿರಿ. ಇಲಿಗೆ 300 ಚದರ ಮೈಕ್ರೋಮೀಟರಿಗಿಂತ ಕಡಿಮೆ ಇದ್ದರೆ ಚಿಕ್ಕದು, 600 ದಾಟಿದರೆ ದೊಡ್ಡದು, ನಡುವಿನದು ಮಧ್ಯಮ ಎಂದು ಹಿಡಿಯುವುದು ರೂಢಿಯಲ್ಲಿದೆ. ವ್ಯಾಸದ ಲೆಕ್ಕದಲ್ಲಿ ಸುಮಾರು 20 ಮತ್ತು 28 ಮೈಕ್ರೋಮೀಟರ್. ಸುಂಡಿಲಿಗೆ ಈ ಗಡಿಗಳನ್ನು ಹಾಗೇ ಹಾಕಬೇಡಿ, ಅದರ ಕೋಶಗಳು ಚಿಕ್ಕವು. ನಿಸ್ಲ್ ಸರಣಿಯ ಗಾತ್ರಗಳ ಹಂಚಿಕೆ ಬಿಡಿಸಿ ನಿಮ್ಮದೇ ಗಡಿ ಕಂಡುಕೊಳ್ಳಿ.

ಇನ್ನೊಂದು ತಿದ್ದುಪಡಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದೊಡ್ಡ ನ್ಯೂಕ್ಲಿಯಸ್ ಹೆಚ್ಚು ಸೆಕ್ಷನ್‌ಗಳಲ್ಲಿ ಸಿಕ್ಕಿಹಾಕಿಕೊಳ್ಳುವುದರಿಂದ ದೊಡ್ಡ ಕೋಶಗಳು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಅಬರ್‌ಕ್ರಾಂಬಿ ಸೂತ್ರ ಇದಕ್ಕೇ: ಎಣಿಸಿದ ಸಂಖ್ಯೆಯನ್ನು ಸೆಕ್ಷನ್ ದಪ್ಪದಿಂದ ಗುಣಿಸಿ, ದಪ್ಪ ಮತ್ತು ನ್ಯೂಕ್ಲಿಯಸ್ ವ್ಯಾಸದ ಮೊತ್ತದಿಂದ ಭಾಗಿಸಿ. ಉದಾಹರಣೆಗೆ 14 ಮೈಕ್ರೋಮೀಟರ್ ಸೆಕ್ಷನ್ನಿನಲ್ಲಿ 300 ಚಿಕ್ಕ, 300 ದೊಡ್ಡ ಕೋಶ ಎಣಿಸಿದಿರಿ ಎಂದಿಟ್ಟುಕೊಳ್ಳಿ. ಚಿಕ್ಕವುಗಳ ನ್ಯೂಕ್ಲಿಯಸ್ 8 ಮೈಕ್ರೋಮೀಟರ್ ಆದರೆ 300 × 14 ÷ 22, ಅಂದರೆ 191. ದೊಡ್ಡವುಗಳದು 16 ಆದರೆ 300 × 14 ÷ 30, ಅಂದರೆ 140. ಸಮಪಾಲು ಎಂದುಕೊಂಡದ್ದು 58ಕ್ಕೆ 42 ಆಯಿತು. ಫಾಸ್ಫಟೇಸ್ ಚಿಕ್ಕ ಕೋಶಗಳದ್ದು, ಕಾರ್ಬಾನಿಕ್ ಅನ್‌ಹೈಡ್ರೇಸ್ ದೊಡ್ಡವುಗಳ ಕಡೆಯದ್ದು. ತಿದ್ದದೆ ಬಿಟ್ಟರೆ ಒಂದು ಕುಗ್ಗಿ, ಇನ್ನೊಂದು ಹಿಗ್ಗಿ ಕಾಣುತ್ತದೆ. ಅದಕ್ಕೂ ಮೊದಲು ಸೆಕ್ಷನ್ ದಪ್ಪವನ್ನು ಒಣಗಿದ ಮೇಲೆ ಅಲ್ಲ, ಕತ್ತರಿಸಿದಾಗಿನ ಅಳತೆಯಂತೆ ಹಿಡಿಯಿರಿ.

'ಹಿಡಿದಿದೆ', 'ಹಿಡಿದಿಲ್ಲ' ಎಂಬ ತೀರ್ಮಾನ ಕಣ್ಣಂದಾಜಿಗೆ ಬಿಡುವಂಥದ್ದಲ್ಲ. ಒಂದೇ ಬೆಳಕು, ಒಂದೇ ಎಕ್ಸ್‌ಪೋಶರಿನಲ್ಲಿ ಚಿತ್ರ ತೆಗೆದು ಪ್ರತಿ ಕೋಶದ ಗಾಢತೆ ಅಳೆಯಿರಿ. ಸ್ಲೈಡಿನ ಗುರುತು ಮುಚ್ಚಿ, ಯಾವ ಗುಂಪಿನದೆಂದು ಗೊತ್ತಿಲ್ಲದವರು ಅಳೆಯಲಿ. ಗಾಢತೆಯನ್ನೇ ಹೋಲಿಸುವುದಾದರೆ 15, 30, 60, 90 ನಿಮಿಷಗಳ ಸರಣಿ ಓಡಿಸಿ, ಸಮಯಕ್ಕೆ ತಕ್ಕಂತೆ ಬಣ್ಣ ನೇರವಾಗಿ ಏರುವ ಭಾಗದಲ್ಲಿ ಮಾತ್ರ ಹೋಲಿಕೆ ಮಾಡಿ. ಬಣ್ಣ ತುಂಬಿ ನಿಂತ ಮೇಲೆ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಒಂದೇ ತರಹ ಕಾಣುತ್ತವೆ.

ಎರಡು ಗುರುತುಗಳನ್ನು ಒಂದೇ ಕೋಶದಲ್ಲಿ ನೋಡಬೇಕಿದ್ದರೆ, ಉದಾಹರಣೆಗೆ ಐಬಿ4 ಮತ್ತು ಫಾಸ್ಫಟೇಸ್, ಮೊದಲು ಪ್ರತಿದೀಪ್ತಿಯ ಚಿತ್ರ ತೆಗೆದು ಜಾಗ ಗುರುತಿಸಿ, ಆಮೇಲೆ ಮುಚ್ಚುಗಾಜು ತೇಲಿಸಿ ತೆಗೆದು ಕಿಣ್ವದ ಪ್ರತಿಕ್ರಿಯೆ ಮಾಡಿ. ಸೀಸದ ಸಲ್ಫೈಡ್ ಆಗಲಿ, ಫಾರ್ಮಜಾನ್ ಆಗಲಿ ಕೂತ ಮೇಲೆ ಬೆಳಕನ್ನು ನುಂಗಿಬಿಡುತ್ತವೆ. ಕ್ರಮ ಹಿಂದುಮುಂದಾದರೆ 'ಎರಡೂ ಒಟ್ಟಿಗೆ ಇರುವ ಕೋಶಗಳೇ ಇಲ್ಲ' ಎಂಬ ಫಲಿತಾಂಶ ಬರುತ್ತದೆ, ಅದೂ ಅಂದವಾದ ಚಿತ್ರಗಳ ಸಮೇತ.